ಅರವತ್ತು ವರ್ಷದ ಹಕ್ಕು, ಇಪ್ಪತ್ತು ವರ್ಷದ ತಟ್ಟೆ

ನಾನು ಪಾಠ ಹೇಳುವ ಕಾಲೇಜಿನ ಗ್ರಂಥಭಂಡಾರದಲ್ಲಿ, ಹಳೆಯ ಪತ್ರಿಕೆಗಳ ಕಟ್ಟುಗಳ ಪಕ್ಕಕ್ಕೆ, ಒಂದು ಗಾಜಿನ ಬೀರು ಇದೆ. ಅದರೊಳಗೆ ನಲವತ್ತು ಚಿಲ್ಲರೆ ಸಿ.ಡಿ., ಡಿ.ವಿ.ಡಿ.ಗಳು ಮಲಗಿವೆ: ಕುಮಾರವ್ಯಾಸ ಭಾರತದ ಗಮಕವಾಚನ, ತಾಳಮದ್ದಲೆಯ ಕೆಲವು ಪ್ರಸಂಗಗಳು, ಭಾವಗೀತೆಗಳು, ಕವಿಗಳು ತಮ್ಮ ಕವಿತೆಗಳನ್ನು ತಾವೇ ಓದಿದ್ದು. ಇಪ್ಪತ್ತು ವರ್ಷದ ಹಿಂದೆ ಅನುದಾನದ ಹಣ ಬಂದಾಗ ಯಾರೋ ಪುಣ್ಯಾತ್ಮರು ಆಸೆಪಟ್ಟು ಕೊಂಡವು. ಕಳೆದ ವರ್ಷ ಪಾಠಕ್ಕೆಂದು ಗಮಕದ ಒಂದು ಸಿ.ಡಿ.ಯನ್ನು ತಂದು ತರಗತಿಯಲ್ಲಿ ಹಾಕಿದೆ. ಷಟ್ಪದಿ ಗಂಭೀರವಾಗಿಯೇ ಆರಂಭವಾಯಿತು, ಮೂರನೆಯ ಸಾಲು ದಾಟುವಷ್ಟರಲ್ಲಿ ಬಿಕ್ಕಿತು, ಒಂದೇ ಅಕ್ಷರವನ್ನು ಹತ್ತಿಪ್ಪತ್ತು ಸಲ ಜಪಿಸಿತು, ಕೊನೆಗೆ ಮೌನವಾಯಿತು. ಹುಡುಗರು ನಕ್ಕರು. ನಾನೂ ನಕ್ಕೆ. ಸಂಜೆ ಗ್ರಂಥಪಾಲಕರೊಡನೆ ಕುಳಿತು ಮಿಕ್ಕವನ್ನೂ ಒಂದೊಂದಾಗಿ ಹಾಕಿ ನೋಡಿದಾಗ ನಗು ಉಳಿಯಲಿಲ್ಲ.

ಉಪಾಯವೇನೂ ಕಷ್ಟದ್ದಲ್ಲ. ಒಂದು ಸಿ.ಡಿ.ಯಲ್ಲಿ ಹಿಡಿಯುವುದು ಏಳುನೂರು ಮೆಗಾಬೈಟು; ಸಾಧಾರಣ ಡಿ.ವಿ.ಡಿ.ಯಲ್ಲಿ 4.7 ಗಿಗಾಬೈಟು. ಇಡೀ ಬೀರುವನ್ನು ಅಂಗೈಯಗಲದ ಒಂದು ಹಾರ್ಡ್ ಡಿಸ್ಕಿನ ಮೂಲೆಯಲ್ಲಿ ಅಡಗಿಸಬಹುದು. ಇನ್ನೂ ಹಾಡುತ್ತಿರುವ ತಟ್ಟೆಗಳಿಗಾದರೂ ಒಂದೊಂದು ಪ್ರತಿ ಮಾಡಿಟ್ಟುಕೊಳ್ಳೋಣವೆಂದು ಗ್ರಂಥಾಲಯ ಸಮಿತಿಗೆ ಒಂದು ಅರ್ಜಿ ಬರೆದುಕೊಟ್ಟೆ. ಸಮಿತಿಯವರು ಸಜ್ಜನರು, ಚಹಾ ಕೊಟ್ಟರು, ಅರ್ಜಿಯನ್ನು ತಿರಸ್ಕರಿಸಿದರು. ಪ್ರತಿ ಮಾಡುವುದು ಹಕ್ಕುಸ್ವಾಮ್ಯದ ಉಲ್ಲಂಘನೆಯಂತೆ, ಕಂಪನಿಯಿಂದ ಲಿಖಿತ ಅನುಮತಿ ತಂದರೆ ಮಾಡಬಹುದಂತೆ. ಗಮಕದ ಸಿ.ಡಿ.ಯ ಹೊದಿಕೆಯ ಮೇಲಿದ್ದ ವಿಳಾಸಕ್ಕೆ ನಾನೇ ಹೋದೆ. ಅಲ್ಲೀಗ ಸಿದ್ಧ ಉಡುಪಿನ ಅಂಗಡಿ ಇದೆ. ಅಂಗಡಿಯವರಿಗೆ ಕುಮಾರವ್ಯಾಸನ ಹೆಸರು ಗೊತ್ತಿತ್ತು, ಕಂಪನಿಯ ಹೆಸರು ಗೊತ್ತಿರಲಿಲ್ಲ.

ಈ ವಿಷಯದಲ್ಲಿ ನಮ್ಮ ನಾಗರಿಕರಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡದವರು ಹೊದಿಕೆಯ ಹಿಂಬದಿಯ ಸಣ್ಣಕ್ಷರವನ್ನು ಶಾಸನವೆಂದೇ ನಂಬಿದವರು. ಯಾವ ಪ್ರತಿಯೂ ಕಳ್ಳತನ, ಯಾರು ಮಾಡಿದರೂ ಕಳ್ಳತನ, ಏತಕ್ಕೆ ಮಾಡಿದರೂ ಕಳ್ಳತನ. ಇನ್ನೊಂದು ಪಂಗಡದವರದು ಸರಳವಾದ ವೇದಾಂತ: "ದುಡ್ಡು ಕೊಟ್ಟು ಕೊಂಡಿದ್ದೇನೆ, ಕೇಳುತ್ತೇನೆ, ಹಂಚುತ್ತೇನೆ, ಭಾವಮೈದುನನಿಗೆ ಪೆನ್ ಡ್ರೈವಿನಲ್ಲಿ ಹಾಕಿಕೊಡುತ್ತೇನೆ, ಕೇಳುವುದಕ್ಕೆ ನೀವು ಯಾರು?" ಮೊದಲಿನವರೊಡನೆ ಜಗಳವಾಡುವುದಕ್ಕೇ ಈ ಲೇಖನವನ್ನು ಬರೆಯುತ್ತಿದ್ದೇನೆ. ಆದರೆ ಎರಡನೆಯವರು ನನ್ನನ್ನು ತಮ್ಮ ಕಡೆಯ ಸಾಕ್ಷಿಯೆಂದು ತಿಳಿಯದಿರಲಿ. ಮೊಬೈಲ್ ಅಂಗಡಿಗಳಲ್ಲಿ ಮೆಮರಿ ಕಾರ್ಡಿಗೆ ಚಿಲ್ಲರೆ ಕಾಸಿಗೆ ನೂರಾರು ಹಾಡು ತುಂಬಿಕೊಟ್ಟರಲ್ಲ, ಅದು ಕಳ್ಳತನವೇ. ಅದರಿಂದ ಕೆಟ್ಟದ್ದು ಹಾಡಿದವರ ಬಾಳು. 1978ರಲ್ಲಿ 'ನಿತ್ಯೋತ್ಸವ' ಧ್ವನಿಸುರುಳಿ ಬಂದು ಕನ್ನಡ ಕವಿತೆ ಮನೆಮನೆಯೊಳಗೆ ಹಾಡಾಗಿ ಹೊಕ್ಕಿತು. ಆಮೇಲೆ ಎಷ್ಟೋ ಗಾಯಕರು, ವಾದ್ಯಗಾರರು, ಸಣ್ಣ ಕಂಪನಿಗಳು ಆ ಮಾರುಕಟ್ಟೆಯನ್ನು ನಂಬಿ ಬದುಕಿದರು. ಆ ಮರದ ಬುಡಕ್ಕೆ ಕೊಡಲಿ ಹಾಕಿದವರಲ್ಲಿ ಪೆನ್ ಡ್ರೈವಿನ ಉದಾರಿಗಳೂ ಇದ್ದಾರೆ. ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು ಓದಿ ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಇರಲಿ. ನನ್ನ ಪ್ರಶ್ನೆ ಇಷ್ಟೇ: ನಾನು ಬೆಲೆ ಕೊಟ್ಟು ಕೊಂಡ ತಟ್ಟೆ ಕೆಟ್ಟುಹೋಗುವ ಮುಂಚೆ, ನನ್ನ ಬಳಿಯೇ ಇಟ್ಟುಕೊಳ್ಳುವುದಕ್ಕೆ, ಒಂದು ಪ್ರತಿ ಮಾಡಿಕೊಳ್ಳಬಹುದೆ?

ಕಾನೂನು ಏನು ಹೇಳುತ್ತದೆಯೆಂದು ನಮ್ಮ ಸಮಿತಿಯವರು ಓದಿ ನೋಡಿರಲಿಲ್ಲ. ನಾನು ಓದಿದೆ. ಕನ್ನಡ ಎಂ.ಎ. ಮಾಡಿದವನಿಗೆ ಹಳಗನ್ನಡದ ಅನ್ವಯಕ್ಕಿಂತ ಕಾನೂನಿನ ಇಂಗ್ಲಿಷಿನ ಅನ್ವಯವೇ ಕಷ್ಟವೆಂಬುದನ್ನು ಒಪ್ಪಿಕೊಳ್ಳುತ್ತೇನೆ. ನಮ್ಮದು 1957ರ ಕಾಯಿದೆ. 1958ರ ಜನವರಿಯಿಂದ ಜಾರಿಗೆ ಬಂದದ್ದು. ಗ್ರಾಮಫೋನಿಗೆ ಮುಳ್ಳು ಬದಲಾಯಿಸುತ್ತಿದ್ದ ಕಾಲದ್ದು. ಅದರ 52ನೆಯ ಕಲಮು ಯಾವುದು ಉಲ್ಲಂಘನೆಯಲ್ಲ ಎಂಬುದನ್ನು ಪಟ್ಟಿ ಮಾಡುತ್ತದೆ. ಖಾಸಗಿ ಉಪಯೋಗಕ್ಕಾಗಿ ನ್ಯಾಯೋಚಿತವಾಗಿ ಬಳಸಿಕೊಳ್ಳುವುದು ತಪ್ಪಲ್ಲ ಎಂಬುದು ಅದರ ಮೊದಲ ಮಾತು. ಬಹಳ ಕಾಲ ಈ ರಿಯಾಯಿತಿ ಇದ್ದದ್ದು ಸಾಹಿತ್ಯ, ನಾಟಕ, ಸಂಗೀತ, ಚಿತ್ರಕಲೆಗಳ ಕೃತಿಗಳಿಗೆ ಮಾತ್ರ. ಧ್ವನಿಮುದ್ರಣಕ್ಕೂ ಚಲನಚಿತ್ರಕ್ಕೂ ಇರಲಿಲ್ಲ. 2012ರ ತಿದ್ದುಪಡಿ ಅದನ್ನು ಬದಲಾಯಿಸಿತು. ಆ ವರ್ಷದ ಜೂನ್ 21ರಿಂದ, ಕಂಪ್ಯೂಟರಿನ ಕ್ರಮವಿಧಿಗಳನ್ನು ಬಿಟ್ಟು ಮಿಕ್ಕ ಯಾವ ಕೃತಿಗಾದರೂ ಈ ರಿಯಾಯಿತಿ ಸಲ್ಲುತ್ತದೆ. ಅಷ್ಟೇ ಅಲ್ಲ, ಇಂಥ ಉದ್ದೇಶಕ್ಕಾಗಿ ಕೃತಿಯನ್ನು ವಿದ್ಯುನ್ಮಾನ ಮಾಧ್ಯಮದಲ್ಲಿ ಸಂಗ್ರಹಿಸಿಟ್ಟುಕೊಳ್ಳುವುದೂ ಉಲ್ಲಂಘನೆಯಲ್ಲವೆಂದು ಕೆಳಗೆ ಒಂದು ವಿವರಣೆಯನ್ನೂ ಸೇರಿಸಿದ್ದಾರೆ. ಎಲ್ಲ ಪ್ರತಿಯೂ ಕಳ್ಳತನವೆನ್ನುವ ಮಹನೀಯರು 2012ಕ್ಕಿಂತ ಹಿಂದಿನ ಪಂಚಾಂಗವನ್ನು ಹಿಡಿದು ಇಂದಿನ ಮುಹೂರ್ತ ಹೇಳುತ್ತಿದ್ದಾರೆ.

ಹಾಗಾದರೆ ಜಗಳ ಮುಗಿಯಿತಲ್ಲ ಎನ್ನುವಿರಾ? ಮುಗಿಯಲಿಲ್ಲ. 'ನ್ಯಾಯೋಚಿತ' ಎಂಬ ವಿಶೇಷಣದ ಬೆನ್ನ ಮೇಲೆ ಇಡೀ ವಾಕ್ಯ ಕುಳಿತಿದೆ, ಮತ್ತು ಆ ವಿಶೇಷಣಕ್ಕೆ ಕಾಯಿದೆಯಲ್ಲಿ ಅರ್ಥ ಕೊಟ್ಟಿಲ್ಲ. ಇಡೀ ಸಿ.ಡಿ.ಯ ಪ್ರತಿ ನ್ಯಾಯೋಚಿತವೇ? ಒಂದೇ ಪ್ರತಿಯೇ, ಎರಡು ಆಗಬಹುದೇ? ತಟ್ಟೆ ಒಡೆದ ಮೇಲೂ ಪ್ರತಿ ಇಟ್ಟುಕೊಳ್ಳಬಹುದೇ? ನ್ಯಾಯಾಲಯಕ್ಕೆ ಹೋದವನಿಗಷ್ಟೇ ಉತ್ತರ. ಉಲ್ಲಂಘನೆಯೆಂದು ತೀರ್ಮಾನವಾದರೆ 63ನೆಯ ಕಲಮಿನ ಪ್ರಕಾರ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ. ಇದನ್ನು ಓದಿದ ಯಾವ ಸಮಿತಿ ಸಹಿ ಹಾಕೀತು?

ಹೀಗೆ ಮಬ್ಬಾಗಿ ಬರೆಯುವುದು ಶಾಸನ ಮಾಡುವವರಿಗೆ ಅನಿವಾರ್ಯವಾಗಿತ್ತೆಂದು ಹೇಳುವಂತಿಲ್ಲ. ಸ್ಪಷ್ಟವಾಗಿ ಬರೆಯಬೇಕೆಂಬ ಮನಸ್ಸಿದ್ದ ಕಡೆ ಸ್ಪಷ್ಟವಾಗಿಯೇ ಬರೆದಿದ್ದಾರೆ. ಅದೇ 52ನೆಯ ಕಲಮಿನ ಮುಂದಿನ ಉಪವಿಧಿಯನ್ನು ನೋಡಿ. ಕಂಪ್ಯೂಟರ್ ಕ್ರಮವಿಧಿಯನ್ನು ನ್ಯಾಯಬದ್ಧವಾಗಿ ಹೊಂದಿರುವವನು, ಅದು ಕಳೆದುಹೋದೀತು, ನಾಶವಾದೀತು, ಕೆಟ್ಟೀತು ಎಂಬ ಭಯದಿಂದ ರಕ್ಷಣೆಗಾಗಿ ಪ್ರತಿ ಮಾಡಿಟ್ಟುಕೊಳ್ಳಬಹುದು. ಇಲ್ಲಿ ವಿಶೇಷಣದ ಕಾಟವಿಲ್ಲ. ಕಳೆಯುವುದು, ನಾಶವಾಗುವುದು, ಕೆಡುವುದು: ಮೂರೂ ನನ್ನ ಗಮಕದ ತಟ್ಟೆಗೆ ಅಕ್ಷರಶಃ ಒಪ್ಪುವ ಮಾತುಗಳು. ಆದರೆ ಅದು ಗಮಕ. ಕಚೇರಿಯ ಲೆಕ್ಕ ಬರೆಯುವ ಕ್ರಮವಿಧಿಯಲ್ಲ. ಲೆಕ್ಕದ ತಟ್ಟೆಗೆ ಅಂಗರಕ್ಷಕನನ್ನು ಕೊಟ್ಟ ಶಾಸನ ಕುಮಾರವ್ಯಾಸನ ತಟ್ಟೆಗೆ 'ನೋಡೋಣ' ಎಂದಿದೆ.

ಗ್ರಂಥಾಲಯದ ಉಪವಿಧಿಯಂತೂ ಇನ್ನೂ ಸೊಗಸು. ಇದನ್ನು ವಾಚಕರು ಎರಡು ಸಲ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ಸಂರಕ್ಷಣೆಗಾಗಿ ಒಂದು ಕೃತಿಯನ್ನು ವಿದ್ಯುನ್ಮಾನ ರೂಪದಲ್ಲಿ ಸಂಗ್ರಹಿಸಬಹುದು. ಆದರೆ ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿಯೊಂದು ಅದರ ಬಳಿ ಮೊದಲೇ ಇರಬೇಕು. ಇದೂ 2012ರಲ್ಲಿ ಬಂದದ್ದೇ. ಸದುದ್ದೇಶದ್ದೆಂಬುದರಲ್ಲಿ ಸಂಶಯವಿಲ್ಲ, ಪುಸ್ತಕವನ್ನು ನೆನೆದು ಬರೆದ ಮಾತು. ಈಗ ನಮ್ಮ ಬೀರುವಿಗೆ ಅನ್ವಯಿಸಿ ನೋಡಿ. ಕಾಲೇಜಿನ ಗ್ರಂಥಾಲಯಕ್ಕೆ ಈ ರಿಯಾಯಿತಿ ಸಲ್ಲುತ್ತದೆಂದೇ ಇಟ್ಟುಕೊಳ್ಳೋಣ. ಒಂದೇ ಗಮಕವಾಚನ ಕ್ಯಾಸೆಟ್ಟಿನಲ್ಲಿದ್ದರೆ ಅದು ಡಿಜಿಟಲ್ ಅಲ್ಲ. ಧಾರಾಳವಾಗಿ ಕಂಪ್ಯೂಟರಿಗೆ ಇಳಿಸಿಕೊಂಡು ಕಾಪಾಡಬಹುದು. ಅದೇ ವಾಚನ ಸಿ.ಡಿ.ಯಲ್ಲಿದ್ದರೆ ಅದು ಹುಟ್ಟಿದ್ದೇ ಡಿಜಿಟಲ್ ಆಗಿ. ಈ ಉಪವಿಧಿ ಅದಕ್ಕೆ ಇಲ್ಲ. ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಬೂಷ್ಟು ಹಿಡಿದವೆಂದು ರದ್ದಿಗೆ ಹಾಕಿ ಹೊಸ ಕಾಲಕ್ಕೆ ತಕ್ಕಂತೆ ಸಿ.ಡಿ. ಕೊಂಡ ಗ್ರಂಥಪಾಲಕರು, ಕಾನೂನಿನ ಕಣ್ಣಿನಲ್ಲಿ, ತಮ್ಮ ಕೈಯಾರೆ ತಮ್ಮ ಭಂಡಾರಕ್ಕೆ ಮರಣಪತ್ರ ಬರೆದುಕೊಂಡರು.

ಸಿ.ಡಿ. ಅಮರವೆಂದು ಮಾರುವಾಗ ಎಲ್ಲರೂ ಹೇಳಿದ್ದರು. ಅಚ್ಚೊತ್ತಿದ ಸಿ.ಡಿ.ಯಲ್ಲಿ ದನಿಯ ಗುರುತುಗಳ ಮೇಲೆ ಇರುವುದು ಅಲ್ಯುಮಿನಿಯಮ್ಮಿನ ಒಂದು ತೆಳು ಪೊರೆ, ಅದರ ಮೇಲೆ ಅರಗಿನ ಲೇಪ. ಲೇಪ ಗೀಚಿ ಗಾಳಿ ತೇವ ಒಳಹೊಕ್ಕರೆ ಪೊರೆ ಕಪ್ಪಾಗುತ್ತದೆ. ಸಣ್ಣ ಕಂಪನಿಗಳು ನೂರಿನ್ನೂರು ಪ್ರತಿಗಳನ್ನು ತಾವೇ ಬರೆದು ಮಾರಿದ ತಟ್ಟೆಗಳಲ್ಲಿ ಇರುವುದು ಬಣ್ಣದ ಒಂದು ಲೇಪ. ಬಿಸಿಲು, ಸೆಕೆ ಅದಕ್ಕೆ ಆಗದು. ಡಿ.ವಿ.ಡಿ.ಯೋ, ಎರಡು ಬಿಲ್ಲೆಗಳನ್ನು ಅಂಟಿಸಿ ಮಾಡಿದ್ದು. ಅಂಟು ಬಿಟ್ಟರೆ ಮುಗಿಯಿತು. ಕನ್ನಡದ ಅಪರೂಪದ ವಾಚನಗಳೂ ಪ್ರಸಂಗಗಳೂ ಹೆಚ್ಚಾಗಿ ಬಂದದ್ದು ಸಣ್ಣ ಕಂಪನಿಗಳಿಂದಲೇ ಎಂಬುದನ್ನು ಇಲ್ಲಿ ನೆನೆಯಬೇಕು. ಇದರ ಮೇಲೆ, ತಟ್ಟೆ ಓದುವ ಗೂಡೇ ಈಗಿನ ಲ್ಯಾಪ್‌ಟಾಪುಗಳಲ್ಲಿ ಇಲ್ಲ. ತಟ್ಟೆ ಬದುಕಿದ್ದರೂ ಬಾಯಿ ಕೊಡುವವರಿಲ್ಲ.

ಇನ್ನು ಬೀಗದ ಮಾತು. ಹಾಡಿನ ಸಿ.ಡಿ.ಗಳಿಗೆ ಸಾಮಾನ್ಯವಾಗಿ ಬೀಗವಿಲ್ಲ. (ಹಾಕಲು ಹೊರಟವರ ಕಥೆ ಪ್ರಸಿದ್ಧವಾದದ್ದು: 2005ರಲ್ಲಿ ಸೋನಿ ಬಿ.ಎಂ.ಜಿ. ಕಂಪನಿಯ ಕೆಲವು ಸಿ.ಡಿ.ಗಳು, ಕೊಂಡವನ ಕಂಪ್ಯೂಟರಿನೊಳಗೆ ಅವನಿಗೆ ತಿಳಿಯದಂತೆ ಒಂದು ಗುಪ್ತ ಕ್ರಮವಿಧಿಯನ್ನು ಇಳಿಸುತ್ತಿದ್ದುದು ಬಯಲಾಗಿ, ಕಂಪನಿ ತಟ್ಟೆಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಮನೆ ಕಾಯಬೇಕೆಂದು ಕೊಂಡವನ ಮನೆಗೇ ಕನ್ನ ಹಾಕಿದ ಹಾಗಾಯಿತು.) ಚಲನಚಿತ್ರದ ಡಿ.ವಿ.ಡಿ.ಗಳಿಗೆ ಬೀಗ ಉಂಟು. ಸಾಲದ್ದಕ್ಕೆ ಲೋಕವನ್ನು ವಲಯಗಳಾಗಿ ಹಂಚಿ ಭಾರತಕ್ಕೆ ಐದನೆಯ ವಲಯವೆಂದು ಹೆಸರಿಟ್ಟರು. ಅಮೆರಿಕದಲ್ಲಿರುವ ಮಗಳು ಪ್ರೀತಿಯಿಂದ ತಂದುಕೊಟ್ಟ ತಟ್ಟೆ ಬಸವನಗುಡಿಯ ಮನೆಯಲ್ಲಿ ಮೂಕವಾಗಿ ಕುಳಿತದ್ದನ್ನು ಅನುಭವಿಸಿದ ತಂದೆತಾಯಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬೀಗ ಮುರಿಯುವ ವಿಷಯದಲ್ಲಿ ನಮ್ಮ ಕಾನೂನು ಅಮೆರಿಕದ್ದಕ್ಕಿಂತ ಮೃದು ಎಂಬುದನ್ನು ನ್ಯಾಯವಾಗಿ ಹೇಳಬೇಕು. ಅವರ 1998ರ ಕಾಯಿದೆಯಲ್ಲಿ ತಟ್ಟೆ ನಿಮ್ಮದೇ ಆದರೂ ಬೀಗ ಮುರಿದದ್ದೇ ತಪ್ಪು. ಮೂರು ವರ್ಷಕ್ಕೊಮ್ಮೆ ಕೆಲವು ವಿನಾಯಿತಿಗಳನ್ನು ದಯಪಾಲಿಸುತ್ತಾರೆ, ಅಷ್ಟೆ. ನಮ್ಮಲ್ಲಿ 65-ಎ ಕಲಮಿನ ಪ್ರಕಾರ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದವನಿಗೆ ಮಾತ್ರ ಎರಡು ವರ್ಷದವರೆಗೆ ಸೆರೆ ಮತ್ತು ದಂಡ. ಕಾಯಿದೆ ನಿಷೇಧಿಸದ ಉದ್ದೇಶಕ್ಕಾದರೆ ತಪ್ಪಲ್ಲ. ಒಳ್ಳೆಯದು. ಆದರೆ ಬೀಗ ತೆಗೆಯಲು ಬಾರದ ನನ್ನಂಥವನಿಗೆ ಯಾರಾದರೂ ಸಹಾಯ ಮಾಡಿದರೆ, ಆ ಸಹಾಯಕನು ನನ್ನ ಹೆಸರು, ವಿಳಾಸ, ಗುರುತಿಗೆ ಬೇಕಾದ ವಿವರಗಳು, ಉದ್ದೇಶ ಇವನ್ನೆಲ್ಲ ಬರೆದ ಪೂರ್ಣ ದಾಖಲೆಯನ್ನು ಇಟ್ಟಿರಬೇಕು. ನಾನು ಕೊಂಡಿದ್ದ ಒಂದು ಹಳೆಯ ಕನ್ನಡ ಚಿತ್ರದ ಡಿ.ವಿ.ಡಿ.ಯನ್ನು ಹಿಡಿದು ನಮ್ಮ ಬೀದಿಯ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋಗಿ, ಕಾನೂನಿನಂತೆ ನಡೆಯಬೇಕೆಂಬ ಹಟದಿಂದ, ರಿಜಿಸ್ಟರು ಎಲ್ಲಿ ಎಂದು ಕೇಳಿದೆ. ಹುಡುಗ ನನ್ನ ಮುಖ ನೋಡಿದ. "ಹೆಸರು, ವಿಳಾಸ, ಬಂದ ಉದ್ದೇಶ ಎಲ್ಲ ಬರೆಯೋದಕ್ಕೆ ಇದೇನು ಲಾಡ್ಜಾ, ಸಾರ್?" ಎಂದ.

ಆ ಹುಡುಗ ಆಡಿದ್ದು ಹಾಸ್ಯವಾದರೂ ಕಾನೂನಿನ ನಿಜವಾದ ಫಲವನ್ನು ತೋರಿಸಿತು. ನನ್ನೊಡನೆ ವಾದಿಸುವವರು ಕೊನೆಗೆ ಹೇಳುವುದು ಒಂದೇ ಮಾತು: "ಅಯ್ಯೋ ಮೇಷ್ಟ್ರೇ, ಮನೆಯಲ್ಲಿ ಪ್ರತಿ ಮಾಡಿಕೊಂಡರೆ ಯಾವ ಪೊಲೀಸಿನವನು ಬರುತ್ತಾನೆ? ಮಾಡಿಕೊಂಡು ಸುಮ್ಮನಿರಿ." ನಿಜ, ಯಾರೂ ಬರುವುದಿಲ್ಲ. ಮೆಮರಿ ಕಾರ್ಡು ತುಂಬಿದವನೂ ಹಾಗೆಯೇ ಅಂದುಕೊಂಡ. ಮಬ್ಬು ಕಾನೂನಿನಿಂದ ಕಳ್ಳನಿಗೆ ಅಡ್ಡಿಯಾಗುವುದಿಲ್ಲ. ಅವನು ಅದನ್ನು ಓದುವುದೇ ಇಲ್ಲ. ಅಡ್ಡಿಯಾಗುವುದು ಓದಿ ಹೆದರುವವನಿಗೆ: ಗ್ರಂಥಪಾಲಕನಿಗೆ, ಸಮಿತಿಗೆ, ಲೆಕ್ಕಪರಿಶೋಧಕ ಬಂದಾಗ ಉತ್ತರ ಕೊಡಬೇಕಾದವನಿಗೆ. ಊರಿನ ಧ್ವನಿಯನ್ನು ಕಾಪಾಡಿ ಮುಂದಿನವರ ಕೈಗೆ ಒಪ್ಪಿಸಬೇಕಾದವರು ಇವರೇ ತಾನೆ? ಇವರನ್ನು ಕೈಕಟ್ಟಿ ಕೂರಿಸಿ, ಕದ್ದವನ ಪೆನ್ ಡ್ರೈವಿನಲ್ಲಿ ಸಂಸ್ಕೃತಿ ಉಳಿಯುವಂತೆ ಮಾಡಿದ್ದೇವೆ.

ಬೇರೆ ದೇಶಗಳವರು ಇದಕ್ಕೆ ದಾರಿ ಹುಡುಕದೆ ಇಲ್ಲ. ಜರ್ಮನರು 1965ರ ಕಾಯಿದೆಯಲ್ಲಿಯೇ, ಟೇಪ್ ರೆಕಾರ್ಡರಿನ ಕಾಲದಲ್ಲಿ, ಖಾಸಗಿ ಪ್ರತಿಗೆ ಒಪ್ಪಿಗೆ ಕೊಟ್ಟು, ಯಂತ್ರದ ಮೇಲೆ ಒಂದು ಸಣ್ಣ ಶುಲ್ಕ ಹಾಕಿ ಕೃತಿಕಾರರಿಗೆ ಮುಟ್ಟುವಂತೆ ಮಾಡಿದರು. ಬ್ರಿಟನ್ನಿನವರು 2014ರ ಅಕ್ಟೋಬರಿನಲ್ಲಿ ಕೊಂಡವನು ತನಗಾಗಿ ಪ್ರತಿ ಮಾಡಿಕೊಳ್ಳಬಹುದೆಂದರು. ಪರಿಹಾರದ ವ್ಯವಸ್ಥೆ ಮಾಡಲಿಲ್ಲವೆಂದು ಸಂಗೀತಗಾರರ ಸಂಘಗಳು ನ್ಯಾಯಾಲಯಕ್ಕೆ ಹೋದವು. 2015ರ ಜುಲೈನಲ್ಲಿ ಆ ನಿಯಮ ರದ್ದಾಯಿತು. ಒಂಬತ್ತು ತಿಂಗಳು ಚಿಲ್ಲರೆ ದಿನ ಅಲ್ಲಿಯ ಪ್ರಜೆಗಳು ಈ ವಿಷಯದಲ್ಲಿ ನಿರಪರಾಧಿಗಳಾಗಿದ್ದರು. ಆ ಸಂಗೀತಗಾರರ ಆಕ್ಷೇಪಣೆಯನ್ನು ನಾನು ಲಘುವಾಗಿ ಕಾಣುವುದಿಲ್ಲ. ನಮ್ಮ 2012ರ ತಿದ್ದುಪಡಿಯೇ ಚಿತ್ರಗೀತೆ ಬರೆದವರಿಗೂ ರಾಗ ಹಾಕಿದವರಿಗೂ ಬಿಟ್ಟುಕೊಡಲಾಗದ ಗೌರವಧನದ ಹಕ್ಕನ್ನು ಕೊಟ್ಟಿತು. ಅದು ಆ ಶಾಸನದ ಪುಣ್ಯದ ಭಾಗ. ಆದರೆ ಒಮ್ಮೆ ಮಾರಿ ಬೆಲೆ ಪಡೆದ ತಟ್ಟೆಯ ದನಿ ನನ್ನ ಮನೆಯಲ್ಲಿ ಇನ್ನೂ ಹತ್ತು ವರ್ಷ ಕೇಳಿಸಿದರೆ ಗಮಕಿಗೆ ಯಾವ ನಷ್ಟ? ಕೆಟ್ಟಿದ್ದರೆ ಇನ್ನೊಂದು ಕೊಳ್ಳುತ್ತಿದ್ದೆನಲ್ಲ ಎನ್ನಬಹುದು. ಕೊಳ್ಳುತ್ತಿದ್ದೆ. ಸಿದ್ಧ ಉಡುಪಿನ ಅಂಗಡಿಯಲ್ಲಿ ಅದು ಸಿಗುವುದಿಲ್ಲ. ಈಗ ಎಲ್ಲವೂ ಮೊಬೈಲಿನಲ್ಲಿ ತಿಂಗಳ ಚಂದಾಕ್ಕೆ ಸಿಗುತ್ತದೆಯೆನ್ನುವವರು ಒಮ್ಮೆ ತಾಳಮದ್ದಲೆಯ ಹಳೆಯ ಅರ್ಥಧಾರಿಗಳ ಮುದ್ರಣಗಳನ್ನು ಅಲ್ಲಿ ಹುಡುಕಿ ನೋಡಲಿ. ಸಿಕ್ಕರೂ ಅದು ಬಾಡಿಗೆಯ ಮನೆ, ಮಾಲೀಕ ಎಂದು ಬೇಕಾದರೂ ಬಾಗಿಲು ಹಾಕಬಹುದು.

ನಮ್ಮ ಕಾಯಿದೆಯಲ್ಲಿ ಧ್ವನಿಮುದ್ರಣದ ಹಕ್ಕಿನ ಅವಧಿ, ಪ್ರಕಟವಾದ ವರ್ಷದ ಮುಂದಿನ ವರ್ಷದಿಂದ ಲೆಕ್ಕ ಹಾಕಿ, ಅರವತ್ತು ವರ್ಷ. ಚಲನಚಿತ್ರಕ್ಕೂ ಅಷ್ಟೇ. ಕವಿಯ ಕೃತಿಗಾದರೆ ಅವನು ತೀರಿಕೊಂಡ ಮೇಲೆ ಅರವತ್ತು. ಬೇಂದ್ರೆಯವರು 1981ರಲ್ಲಿ ತೀರಿಕೊಂಡರು, ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ಇರುತ್ತದೆ. ಈ ಅವಧಿ ಮೊದಲು ಐವತ್ತಿತ್ತು; ರವೀಂದ್ರನಾಥ ಠಾಕೂರರ ಕೃತಿಗಳು ವಿಶ್ವಭಾರತಿಯ ಕೈತಪ್ಪುವ ಹೊತ್ತಿಗೆ, 1992ರಲ್ಲಿ, ಅರವತ್ತಾಯಿತು. ಇದರಲ್ಲಿ ನನ್ನ ತಕರಾರಿಲ್ಲ. ಹಕ್ಕು ಕೊಟ್ಟದ್ದು ಕೃತಿಕಾರನಿಗೆ ಪ್ರತಿಫಲವಾಗಿ. ಅವಧಿ ಮುಗಿದ ಮೇಲೆ ಕೃತಿ ಲೋಕದ ಸೊತ್ತಾಗಬೇಕೆಂಬುದು ಅದರ ಇನ್ನೊಂದು ಮುಖ. 2004ರಲ್ಲಿ ಹೊರಬಂದ ನಮ್ಮ ಗಮಕದ ಸಿ.ಡಿ. 2064ರ ಡಿಸೆಂಬರು ಮುಗಿದ ಮೇಲೆ ಲೋಕದ್ದಾಗಬೇಕು. ಇಪ್ಪತ್ತು ವರ್ಷಕ್ಕೇ ಬಿಕ್ಕಿ ಸತ್ತ ತಟ್ಟೆಯಲ್ಲಿ ಲೋಕ ಅಂದು ಕೇಳುವುದೇನನ್ನು?

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತೆರೆಗೆ ಬಂದದ್ದು 1934ರಲ್ಲಿ. ಅದರ ಮೇಲಿನ ಹಕ್ಕು ಎಂದೋ ಮುಗಿದಿದೆ. ಯಾರು ಬೇಕಾದರೂ ನೋಡಬಹುದು, ತೋರಿಸಬಹುದು. ಆದರೆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ.

ಸಾಹಿತ್ಯದ ಮೇಷ್ಟ್ರು ಅತ್ತಿಮಬ್ಬೆಯನ್ನು ಕರೆತಂದೇ ತರುತ್ತಾನೆಂದು ವಾಚಕರು ಇಷ್ಟು ಹೊತ್ತಿಗೆ ಊಹಿಸಿರಬಹುದು. ತರುತ್ತೇನೆ. ಸಾವಿರ ವರ್ಷದ ಹಿಂದೆ ಆ ತಾಯಿ ಪೊನ್ನನ ಶಾಂತಿಪುರಾಣಕ್ಕೆ ಓಲೆಯ ಮೇಲೆ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಶಾಂತಿಪುರಾಣ ನಮ್ಮ ಕೈಯಲ್ಲಿದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯ ಸಿಕ್ಕಿಲ್ಲ. ಅವಳ ಆಶ್ರಯದಲ್ಲಿ ಬರೆದ ರನ್ನನ ಅಜಿತಪುರಾಣ ಉಂಟು, ಪರಶುರಾಮಚರಿತ ಇಲ್ಲ. ಅತ್ತಿಮಬ್ಬೆ ಹಂಚಿದಳು, ಇಂದು ಹಾಗೆ ಹಂಚಿದರೆ ಕಂಪನಿಯವರು ನ್ಯಾಯವಾಗಿಯೇ ದಾವೆ ಹೂಡುತ್ತಾರೆ. ನಾನು ಕೇಳುತ್ತಿರುವುದು ಸಾವಿರ ಪ್ರತಿಯನ್ನಲ್ಲ, ಒಂದನ್ನು. ಹಂಚುವುದಕ್ಕಲ್ಲ, ಇಟ್ಟುಕೊಳ್ಳುವುದಕ್ಕೆ.

ಅದಕ್ಕೆ ಹೊಸ ಶಾಸನವೂ ಬೇಡ. ಕಂಪ್ಯೂಟರ್ ಕ್ರಮವಿಧಿಗೆಂದು ಬರೆದಿಟ್ಟಿರುವ ಆ ಮಾತನ್ನೇ, ಕಳೆಯುವ, ನಾಶವಾಗುವ, ಕೆಡುವ ಭಯವಿರುವ ಎಲ್ಲ ತಟ್ಟೆಗಳಿಗೂ ವಿಸ್ತರಿಸಲಿ. ಮೂಲವನ್ನು ಮಾರಿದವನು, ದಾನ ಮಾಡಿದವನು ಪ್ರತಿಯನ್ನು ಅಳಿಸಬೇಕೆಂದು ಜೊತೆಗೇ ಕಟ್ಟುನಿಟ್ಟಾಗಿ ಬರೆಯಲಿ, ಅದಕ್ಕೆ ನಾನು ಮೊದಲು ಸಹಿ ಹಾಕುತ್ತೇನೆ. ಗ್ರಂಥಾಲಯದ ಉಪವಿಧಿಯಿಂದ ಡಿಜಿಟಲ್ ಅಲ್ಲದ ಎಂಬ ಷರತ್ತನ್ನು ಹೊಡೆದುಹಾಕಲಿ. ಮನೆಯೊಳಗಿನ ಉಪಯೋಗಕ್ಕೆ ಬೀಗ ತೆಗೆಸಿಕೊಂಡವನ ವಿಳಾಸ ಬರೆಸುವ ಲಾಡ್ಜಿನ ಪದ್ಧತಿಯನ್ನು ಬಿಡಲಿ. ಅಲ್ಲಿಯವರೆಗೆ ನನ್ನ ಸ್ವಂತ ತಟ್ಟೆಗಳಿಗೆ ನಾನು ಪ್ರತಿ ಮಾಡಿಕೊಳ್ಳುತ್ತೇನೆ. ಅದು ನ್ಯಾಯೋಚಿತವೆಂದು ನನ್ನ ನಂಬಿಕೆ. ಅದನ್ನು ಇಲ್ಲಿ ಬಹಿರಂಗವಾಗಿಯೇ ಬರೆದಿದ್ದೇನೆ, ಯಾರಿಗಾದರೂ ಆಕ್ಷೇಪಣೆಯಿದ್ದರೆ ತಿಳಿಸಬಹುದು.

ಕಾಲೇಜಿನ ಬೀರು ನನ್ನದಲ್ಲ. ಅದಕ್ಕಾಗಿ ಕಲಮುಗಳನ್ನೆಲ್ಲ ಕನ್ನಡದಲ್ಲಿ ಬರೆದು ಎರಡನೆಯ ಅರ್ಜಿ ಕೊಟ್ಟಿದ್ದೇನೆ. ಪರೀಕ್ಷೆಗಳು ಮುಗಿದ ಮೇಲೆ ಸಮಿತಿ ಸೇರುವುದಂತೆ. ಮೊನ್ನೆ ಗ್ರಂಥಪಾಲಕರು ಸಿಕ್ಕಿದ್ದರು. ಕಳೆದ ವರ್ಷ ಹಾಡಿದ್ದ ತಟ್ಟೆಗಳಲ್ಲಿ ಇನ್ನೆರಡು ಈಗ ಹಾಡುತ್ತಿಲ್ಲವೆಂದು ಹೇಳಿದರು.